ಹತ್ತು ವರ್ಷ ಬಾಳಬೇಕಾದ ಹಲ್ಲು

ನನ್ನ ಸೋದರಮಾವನಿಗೆ ಎಪ್ಪತ್ತೊಂದು. ಏಳು ವರ್ಷದ ಹಿಂದೆ ಕೆಳದವಡೆಯ ಮೂಳೆಗೆ ಹಾಕಿಸಿದ ಇಂಪ್ಲಾಂಟ್ ಸ್ಕ್ರೂವಿನ ಮೇಲಿನ ಕ್ಯಾಪ್ ಈಚೆಗೆ ಅಲ್ಲಾಡತೊಡಗಿತು. ಹಾಕಿದ ಕ್ಲಿನಿಕ್ ಈಗ ಆ ಜಾಗದಲ್ಲಿಲ್ಲ. ಬೆಂಗಳೂರಿನ ಗೋವಿಂದರಾಜನಗರದಲ್ಲಿ ಮನೆ ಹತ್ತಿರದ ಡಾಕ್ಟರಮ್ಮನ ಬಳಿಗೆ ಕರೆದುಕೊಂಡು ಹೋದೆ. ಅವರು ಮೊದಲು ಕೇಳಿದ್ದು, "ಯಾವ ಕಂಪನಿಯ ಇಂಪ್ಲಾಂಟ್?" ನಮಗೆ ಗೊತ್ತಿರಲಿಲ್ಲ. ಕಂಪನಿ ಬದಲಾದರೆ ಸ್ಕ್ರೂ ಬಿಗಿಮಾಡುವ ಕೀಲಿಯೂ ಬೇರೆಯಾಗಬಹುದು.

ಆಮೇಲೆ ಅವರು ಮಿಲಿಮೀಟರ್ ಗೆರೆಗಳಿದ್ದ ತೆಳುವಾದ ಕಡ್ಡಿಯೊಂದನ್ನು ಇಂಪ್ಲಾಂಟಿನ ಪಕ್ಕದ ವಸಡಿನೊಳಗೆ ಮೆಲ್ಲಗೆ ಇಳಿಸಿದರು. ಅದು ಏಳು ಮಿಲಿಮೀಟರ್ ಇಳಿಯಿತು. ಹೊರತೆಗೆದಾಗ ರಕ್ತದ ಜೊತೆ ಕೀವೂ ಜಿನುಗಿತು. "ನೋವೇ ಇರಲಿಲ್ಲವಲ್ಲಮ್ಮ" ಅಂದರು ಮಾವ. "ಹೆಚ್ಚಿನವರಿಗೆ ನೋವಾಗಲ್ಲ ಸಾರ್, ಅದಕ್ಕೇ ತಡವಾಗಿ ಬರ್ತಾರೆ" ಅಂದರು ಅವರು. ಎಕ್ಸ್‌ರೇಯಲ್ಲಿ ಇಂಪ್ಲಾಂಟಿನ ಸುತ್ತ ಮೂಳೆ ಬಟ್ಟಲಿನಂತೆ ಕರಗಿತ್ತು.

ಈ ಚಿಕಿತ್ಸೆಯನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಕಳೆದ ಶತಮಾನದ ದಂತವೈದ್ಯಕೀಯದಲ್ಲಿ ಇದಕ್ಕಿಂತ ದೊಡ್ಡ ಸಾಧನೆಗಳು ಹೆಚ್ಚಿಲ್ಲ. ಜೀವಂತ ಮೂಳೆ ಟೈಟಾನಿಯಂಗೆ ಬಿಗಿಯಾಗಿ ಬೆಸೆದುಕೊಳ್ಳುತ್ತದೆ ಎಂಬುದು 1950ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕ ಪೆರ್-ಇಂಗ್ವಾರ್ ಬ್ರೊನೆಮಾರ್ಕ್ ಅವರಿಗೆ ಮೊಲದ ಕಾಲಿನ ಮೂಳೆಯಲ್ಲಿ ಕಂಡಿತು. 1965ರಲ್ಲಿ ಅವರು ಮೊದಲ ಬಾರಿಗೆ ಟೈಟಾನಿಯಂ ಇಂಪ್ಲಾಂಟ್ ಕೂರಿಸಿದ್ದು ಯೋಸ್ತಾ ಲಾರ್ಸನ್ ಎಂಬವರಿಗೆ. 2006ರಲ್ಲಿ ತೀರಿಕೊಳ್ಳುವವರೆಗೂ ಲಾರ್ಸನ್ ಅದೇ ಇಂಪ್ಲಾಂಟುಗಳಲ್ಲಿ ಅಗಿದು ತಿಂದರು. ಇಂದಿಗೂ ಹತ್ತು ವರ್ಷದ ಅಧ್ಯಯನಗಳನ್ನು ಒಟ್ಟುಗೂಡಿಸಿದರೆ ನೂರರಲ್ಲಿ ತೊಂಬತ್ತೈದರಷ್ಟು ಇಂಪ್ಲಾಂಟುಗಳು ಬಾಯಲ್ಲಿ ಉಳಿದಿರುತ್ತವೆ.

ನನ್ನ ತಕರಾರು ಇರುವುದು 'ಉಳಿದಿರುತ್ತವೆ' ಎಂಬ ಮಾತಿನ ಬಗ್ಗೆ. ಉಳಿದದ್ದೆಲ್ಲ ಗೆದ್ದದ್ದಲ್ಲ. ಮಾವನ ಇಂಪ್ಲಾಂಟ್ ಕೂಡ ಆ ತೊಂಬತ್ತೈದರಲ್ಲೇ ಸೇರುತ್ತದೆ. 1986ರಲ್ಲಿ ಸಂಶೋಧಕ ಆಲ್ಬ್ರೆಕ್ಟ್‌ಸನ್ ಮತ್ತು ಸಂಗಡಿಗರು ಯಶಸ್ಸಿಗೆ ಕೊಟ್ಟ ಅಳತೆಗೋಲು ಇನ್ನೂ ಕಟ್ಟುನಿಟ್ಟಿನದು: ಇಂಪ್ಲಾಂಟ್ ಅಲ್ಲಾಡಬಾರದು, ನೋವು ಸೋಂಕು ಇರಬಾರದು, ಮೊದಲ ವರ್ಷದ ನಂತರ ಮೂಳೆ ವರ್ಷಕ್ಕೆ 0.2 ಮಿಲಿಮೀಟರಿಗಿಂತ ಹೆಚ್ಚು ಸವೆಯಬಾರದು. 2015ರ ಒಂದು ವಿಮರ್ಶಾ ಅಧ್ಯಯನದ ಅಂದಾಜಿನಂತೆ, ಇಂಪ್ಲಾಂಟ್ ಹಾಕಿಸಿಕೊಂಡವರಲ್ಲಿ ಸುಮಾರು ಶೇ. 22 ಮಂದಿಗೆ ಅದರ ಸುತ್ತಲಿನ ಮೂಳೆ ಕರಗುವ ಸೋಂಕು ಬರುತ್ತದೆ. ಎಂದರೆ ಐವರಲ್ಲಿ ಒಬ್ಬರಿಗೆ. ವಿಜಯನಗರದಿಂದ ಮಾಗಡಿ ರಸ್ತೆಯ ಟೋಲ್‌ಗೇಟ್‌ವರೆಗೆ ನಾನು ಓದಿದ ಯಾವ ದಂತ ಕ್ಲಿನಿಕ್ಕಿನ ಬೋರ್ಡಿನಲ್ಲೂ ಈ ಅಂಕಿ ಕಾಣಲಿಲ್ಲ.

ಕಾರಣ ಗೂಢವೇನಲ್ಲ. ನಮ್ಮ ಹಲ್ಲನ್ನು ಮೂಳೆಗೆ ಕಟ್ಟಿರುವ ನವಿರಾದ ನಾರುಗಳು ಮೆತ್ತೆಯಂತೆ ಭಾರ ತಾಳುತ್ತವೆ. ಅನ್ನದಲ್ಲಿ ಕಲ್ಲು ಸಿಕ್ಕ ಕ್ಷಣವೇ ಅಗಿಯುವುದನ್ನು ನಿಲ್ಲಿಸುವಂತೆ ಎಚ್ಚರಿಸುವುದೂ ಅವೇ. ಇಂಪ್ಲಾಂಟಿಗೆ ಆ ನಾರುಗಳಿಲ್ಲ. ಅದಕ್ಕೆ ಹುಳುಕು ಹತ್ತುವುದಿಲ್ಲ ನಿಜ. ಆದರೆ ಸುತ್ತಲಿನ ವಸಡು ಕೆಟ್ಟರೆ ಸೋಂಕು ಬೇಗ ಒಳಗಿಳಿಯುತ್ತದೆ. ಸಿಗರೇಟು, ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ, ಹಳೆಯ ವಸಡಿನ ರೋಗ ಇವು ಅಪಾಯವನ್ನು ಹೆಚ್ಚಿಸುತ್ತವೆ. ಅದನ್ನು ತಡೆಯಲು ಎಲ್ಲಕ್ಕಿಂತ ಮುಖ್ಯವಾದದ್ದು, ನಿಯಮಿತವಾಗಿ ಹೋಗಿ ತೋರಿಸಿ ಕ್ಲೀನ್ ಮಾಡಿಸುವುದು. ಮಾವನಿಗೆ ಸಕ್ಕರೆ ಇದೆ. ಏಳು ವರ್ಷದಲ್ಲಿ ಅವರನ್ನು ಯಾರೂ ಮರಳಿ ಕರೆಯಲಿಲ್ಲ, ಅವರೂ ಹೋಗಲಿಲ್ಲ.

ಅಂಥ ಬೋರ್ಡುಗಳು ಹೇಳುವ, ಮೂರೇ ದಿನದಲ್ಲಿ ಕದಲದ ಹಲ್ಲು ಕೊಡುವ ಪದ್ಧತಿಯೂ ಸುಳ್ಳಲ್ಲ. ಮೂಳೆ ಗಟ್ಟಿಯಾಗಿದ್ದು, ಸ್ಕ್ರೂ ಮೊದಲ ದಿನವೇ ಬಿಗಿಯಾಗಿ ಕೂತಿದ್ದರೆ ಅದು ನಡೆಯುತ್ತದೆ. ಬ್ರೊನೆಮಾರ್ಕ್ ಅವರ ಮೂಲ ಕ್ರಮದಲ್ಲಿ ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಕಾಯಬೇಕಿತ್ತು. ಯಾರಿಗೆ ಆತುರ ಸಲ್ಲುತ್ತದೆ, ಯಾರು ಕಾಯಬೇಕು ಎಂದು ತೂಗಿ ಹೇಳುವುದೇ ವೈದ್ಯರ ವಿವೇಕ. ಎಲ್ಲರಿಗೂ ಒಂದೇ ಪ್ಯಾಕೇಜ್ ಕಟ್ಟಿದಾಗ ಆ ವಿವೇಕಕ್ಕೆ ಜಾಗ ಉಳಿಯುವುದಿಲ್ಲ.

ದುಬಾರಿಯಾದದ್ದೇ ಒಳ್ಳೆಯದು ಎಂಬ ನಂಬಿಕೆಯನ್ನೂ ಪ್ರಶ್ನಿಸಬೇಕು. ಒಂದೂ ಹಲ್ಲಿಲ್ಲದ ಕೆಳದವಡೆಗೆ ಎರಡೇ ಇಂಪ್ಲಾಂಟ್ ಹಾಕಿ, ತೆಗೆದು ತೊಳೆಯಬಹುದಾದ ಸೆಟ್ ಹಲ್ಲನ್ನು ಅದಕ್ಕೆ ಸಿಕ್ಕಿಸುವುದನ್ನೇ ಮೊದಲ ಆಯ್ಕೆಯಾಗಿ ನೋಡಬೇಕೆಂದು 2002ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಒಮ್ಮತಕ್ಕೆ ಬಂದಿದ್ದರು. ಬಡ ಹಿರಿಯರಿಗೆ ಉಚಿತವಾಗಿ ಸೆಟ್ ಹಲ್ಲು ಕೊಡಲೆಂದು ನಮ್ಮ ಸರ್ಕಾರ ತಂದ ದಂತಭಾಗ್ಯ ಯೋಜನೆ ಮುಂದೆ ಇಡಬಹುದಾದ ಹೆಜ್ಜೆ ಇದು. ಕೆಳಗಿನ ಸೆಟ್ ನಿಲ್ಲದೆ ಅದನ್ನು ಡಬ್ಬಿಯಲ್ಲೇ ಇಟ್ಟುಕೊಂಡಿರುವ ಅಜ್ಜಿಯರು ನಮ್ಮ ಬೀದಿಯಲ್ಲೇ ಇದ್ದಾರೆ. ಕೋಟೆ ಬಳಿಯ ಸರ್ಕಾರಿ ದಂತ ಕಾಲೇಜು, ಕುಂಬಳಗೋಡಿನ ರಾಜರಾಜೇಶ್ವರಿ ದಂತ ಕಾಲೇಜಿನಂಥ ಸಂಸ್ಥೆಗಳು ತಮ್ಮ ರೋಗಿಗಳ ಹತ್ತು ವರ್ಷದ ಫಲಿತಾಂಶವನ್ನು ಕನ್ನಡದಲ್ಲಿ ಜನರ ಮುಂದಿಟ್ಟರೆ ದೊಡ್ಡ ಉಪಕಾರವಾಗುತ್ತದೆ.

ಇಂಪ್ಲಾಂಟ್ ಬರುವ ಡಬ್ಬಿಯಲ್ಲಿ ಪುಟ್ಟದೊಂದು ಅಂಟುಚೀಟಿ ಇರುತ್ತದೆ. ಕಂಪನಿಯ ಹೆಸರು, ಲಾಟ್ ನಂಬರು, ಸ್ಕ್ರೂವಿನ ದಪ್ಪ, ಉದ್ದ ಎಲ್ಲವೂ ಅದರಲ್ಲಿರುತ್ತದೆ. ಅದನ್ನು ರೋಗಿಯ ದಾಖಲೆಗೆ ಅಂಟಿಸಿ, ಒಂದು ಪ್ರತಿಯನ್ನು ಅವರ ಕೈಗೂ ಕೊಡಬೇಕು. ಮಾವನ ಬೀರುವೆಲ್ಲ ಹುಡುಕಿದಾಗ ನಮಗೆ ಸಿಕ್ಕಿದ್ದು ಹಣ ಕಟ್ಟಿದ ರಸೀದಿ ಮಾತ್ರ. ಈಗ ಅಮ್ಮನ ಸರದಿ ಬಂದಿದೆ. ದರ ಕೇಳುವ ಮೊದಲು ನಾನು ಡಾಕ್ಟರನ್ನು ಕೇಳಿದ್ದು ಎರಡೇ: ಆರು ತಿಂಗಳಿಗೊಮ್ಮೆ ಫೋನು ಮಾಡಿ ಕರೆಯುತ್ತೀರಾ? ಆ ಚೀಟಿ ನಮಗೆ ಕೊಡುತ್ತೀರಾ?