ವೆಸ್ಟರ್ನ್ ಚಿತ್ರಗಳಲ್ಲಿ ಬಂದೂಕಿನ ಸತ್ಯ ಮತ್ತು ನೆಲದ ಸತ್ಯ

೧

‘ವೆಸ್ಟರ್ನ್’ ಎಂದು ಕರೆಯಲಾಗುವ ಚಲಚ್ಚಿತ್ರಗಳೆಂದರೆ ಪಾಶ್ಚಾತ್ಯ ದೇಶಗಳ ಚಿತ್ರಗಳೆಲ್ಲವೂ ಅಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಸೀಮೆಯ ಜೀವನವನ್ನು, ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಜೀವನವನ್ನು, ವಸ್ತುವಾಗಿ ಉಳ್ಳವು ಮಾತ್ರ ಆ ಹೆಸರಿಗೆ ಸಲ್ಲುತ್ತವೆ. ೧೯೦೩ರಲ್ಲಿ ಎಡ್ವಿನ್ ಎಸ್. ಪೋರ್ಟರ್ ತಯಾರಿಸಿದ, ಸುಮಾರು ಹನ್ನೆರಡು ನಿಮಿಷಗಳ ‘ದಿ ಗ್ರೇಟ್ ಟ್ರೇನ್ ರಾಬರಿ’ ಈ ಜಾತಿಯ ಮೊದಲ ಪ್ರಸಿದ್ಧ ಕೃತಿಗಳಲ್ಲಿ ಒಂದು. ಅದರ ಹೊರಾಂಗಣ ದೃಶ್ಯಗಳನ್ನು ತೆಗೆದದ್ದು ಪಶ್ಚಿಮದಲ್ಲಲ್ಲ, ಪೂರ್ವ ತೀರದ ನ್ಯೂಜೆರ್ಸಿಯಲ್ಲಿ. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಈ ಚಿತ್ರಗಳಿಗೆ ನಿಷ್ಠಾವಂತ ರಸಿಕವರ್ಗವೊಂದು ಬೆಳೆದಿದೆ. ಇವರು ನೋಡಿ ಮರೆಯುವವರಲ್ಲ. ಒಂದೇ ಚಿತ್ರವನ್ನು ಹತ್ತಾರು ಸಲ ನೋಡಿ, ಕುದುರೆಯ ಜೀನು, ಟೋಪಿಯ ಅಂಚು, ಬಂದೂಕಿನ ಮಾದರಿ ಇವುಗಳವರೆಗೆ ಪರೀಕ್ಷಿಸುವವರು. ಅವರ ಮೆಚ್ಚಿಕೆಯಲ್ಲಿ ಕಾವ್ಯದೃಷ್ಟಿಯೂ ಆಕ್ಷೇಪದಲ್ಲಿ ಇತಿಹಾಸದೃಷ್ಟಿಯೂ ಇರುವುದರಿಂದ, ಇವೆರಡರ ಪರಸ್ಪರ ಸಂಬಂಧವೇನೆಂಬುದು ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ವಿಚಾರಾರ್ಹವೆಂದು ತೋರುತ್ತದೆ. ಪ್ರಕೃತ ಲೇಖನದಲ್ಲಿ ಮುಖ್ಯವಾಗಿ ಜಾನ್ ಫೋರ್ಡನ ಚಿತ್ರಗಳನ್ನು ಆಧಾರವಾಗಿಟ್ಟುಕೊಂಡು ಇದನ್ನು ಪರಿಶೀಲಿಸಲು ಯತ್ನಿಸಿದ್ದೇವೆ.

೨

ರಸಿಕರ ಮೆಚ್ಚಿಕೆಗೆ ಪಾತ್ರವಾದ ಅಂಶಗಳನ್ನು ಸ್ಥೂಲವಾಗಿ ಮೂರೆಂದು ಎಣಿಸಬಹುದು. ಮೊದಲನೆಯದು ಪರಿಚಿತವಾದ ಕಥಾಕ್ರಮ. ಯಕ್ಷಗಾನದ ಪ್ರೇಕ್ಷಕನಿಗೆ ದುರ್ಯೋಧನನ ತೊಡೆ ಮುರಿಯುವುದು ಮೊದಲೇ ಗೊತ್ತಿದ್ದರೂ ಅವನು ಬೆಳಗಿನವರೆಗೆ ಎಚ್ಚರವಾಗಿರುತ್ತಾನೆ. ಏನಾಗುವುದೆಂಬುದಲ್ಲ, ಹೇಗಾಗುವುದೆಂಬುದೇ ಅವನ ಕುತೂಹಲ. ವೆಸ್ಟರ್ನ್ ಪ್ರೇಕ್ಷಕನ ಸ್ಥಿತಿಯೂ ಅಂತೆಯೇ. ಕೊನೆಗೆ ಬೀದಿಯಲ್ಲಿ ಇಬ್ಬರು ಎದುರಾಗುವರೆಂದು ಅವನು ಬಲ್ಲ. ಆ ಎದುರುನಿಲ್ಲುವಿಕೆಯ ಗತಿಯನ್ನೂ ಮೌನವನ್ನೂ ಅವನು ಸವಿಯುತ್ತಾನೆ.

ಎರಡನೆಯದು ಧರ್ಮಸಂಕಟ. ‘ಹೈ ನೂನ್’ (೧೯೫೨) ಚಿತ್ರದಲ್ಲಿ ಊರಿನ ರಕ್ಷಣಾಧಿಕಾರಿ ಸಹಾಯಕ್ಕಾಗಿ ಮನೆಮನೆಯ ಬಾಗಿಲು ತಟ್ಟಿ, ಯಾರೂ ಒದಗದಿರಲು ತಾನೇ ಶತ್ರುಗಳನ್ನು ಎದುರಿಸುತ್ತಾನೆ. ಅಧಿಕಾರಿಯೊಬ್ಬನು ಹೀಗೆ ಅಂಗಲಾಚುವುದನ್ನು ಒಪ್ಪದ ಹೊವರ್ಡ್ ಹಾಕ್ಸ್ ಅದಕ್ಕೆ ಪ್ರತ್ಯುತ್ತರವಾಗಿ ‘ರಿಯೊ ಬ್ರಾವೊ’ (೧೯೫೯) ತಯಾರಿಸಿದನು. ಕರ್ತವ್ಯದ ಸ್ವರೂಪದ ಬಗ್ಗೆ ಚಿತ್ರವೇ ಚಿತ್ರಕ್ಕೆ ಉತ್ತರ ಕೊಟ್ಟ ಈ ಪ್ರಸಂಗವನ್ನು ರಸಿಕರು ಇಂದಿಗೂ ಚರ್ಚಿಸುತ್ತಾರೆ.

ಮೂರನೆಯದೂ ಎಲ್ಲಕ್ಕಿಂತ ಪ್ರಬಲವಾದುದೂ ಯಾವುದೆಂದರೆ ನೆಲ. ‘ಸ್ಟೇಜ್‌ಕೋಚ್’ (೧೯೩೯) ಮೊದಲ್ಗೊಂಡು ಫೋರ್ಡನು ಯೂಟಾ ಮತ್ತು ಅರಿಜೋನಾ ಸಂಸ್ಥಾನಗಳ ಗಡಿಯಲ್ಲಿರುವ ಮಾನ್ಯುಮೆಂಟ್ ವ್ಯಾಲಿಯಲ್ಲಿ ಹಲವು ಚಿತ್ರಗಳನ್ನು ತೆಗೆದನು. ಕೆಂಪು ಬಂಡೆಗಳು ಗೋಪುರಗಳಂತೆ ಒಂಟೊಂಟಿಯಾಗಿ ಎದ್ದು ನಿಂತ ಆ ಬಯಲಿನಲ್ಲಿ ಚುಕ್ಕೆಯಷ್ಟಾಗಿ ಚಲಿಸುವ ಕುದುರೆಸವಾರನನ್ನು ಕಂಡಾಗ ಉಂಟಾಗುವ ಅನುಭವವನ್ನು ನಮ್ಮ ಆಲಂಕಾರಿಕರ ಮಾತಿನಲ್ಲಿ ಅದ್ಭುತರಸವೆನ್ನಬಹುದು. ವೆಸ್ಟರ್ನ್ ಎಂದೊಡನೆ ರಸಿಕನ ಕಣ್ಣೆದುರು ನಿಲ್ಲುವುದು ಈ ನೆಲವೇ.

೩

ಇನ್ನು ಆಕ್ಷೇಪಣೆಗಳನ್ನು ನೋಡೋಣ. ಇವುಗಳಲ್ಲಿ ಹೆಚ್ಚಿನವು ಕಾಲವಿರೋಧಕ್ಕೆ ಸಂಬಂಧಿಸಿದವು. ‘ದಿ ಕೊಮಾಂಚೆರೋಸ್’ (೧೯೬೧) ಚಿತ್ರದ ಕಥೆ ನಡೆಯುವುದು ೧೮೪೩ರಲ್ಲಿ. ಆದರೆ ಪಾತ್ರಗಳು ಹಿಡಿದಿರುವುದು ೧೮೭೩ರ ಕೋಲ್ಟ್ ಪಿಸ್ತೂಲನ್ನು, ೧೮೯೨ರ ವಿಂಚೆಸ್ಟರ್ ಬಂದೂಕನ್ನು. ಫೋರ್ಡನ ‘ಮೈ ಡಾರ್ಲಿಂಗ್ ಕ್ಲೆಮೆಂಟೈನ್’ (೧೯೪೬) ಚಿತ್ರದ ಮೇಲಿನ ಆಕ್ಷೇಪಗಳು ಇನ್ನೂ ಗುರುತರವಾದವು. ಅರಿಜೋನಾದ ಟೂಮ್‌ಸ್ಟೋನ್ ಪಟ್ಟಣದಲ್ಲಿ ೧೮೮೧ರ ಅಕ್ಟೋಬರ್ ೨೬ರಂದು ನಡೆದ ಗುಂಡಿನ ಕಾಳಗ ಅದರ ವಸ್ತು. ವಾಸ್ತವದಲ್ಲಿ ಅರ್ಧ ನಿಮಿಷದಷ್ಟು ನಡೆದ ಆ ಕಾಳಗ ಚಿತ್ರದಲ್ಲಿ ೧೮೮೨ಕ್ಕೆ ಸರಿದಿದೆ. ದಂತವೈದ್ಯನಾಗಿದ್ದು ೧೮೮೭ರಲ್ಲಿ ರೋಗದಿಂದ ಸತ್ತ ಡಾಕ್ ಹಾಲಿಡೇ ಶಸ್ತ್ರವೈದ್ಯನಾಗಿ ಕಾಳಗದಲ್ಲಿಯೇ ಮಡಿಯುತ್ತಾನೆ. ೧೯೨೬ರವರೆಗೆ ಬದುಕಿದ್ದ ಹಿರಿಯ ಸೋದರ ಜೇಮ್ಸ್ ಅರ್ಪ್ ಕಿರಿಯ ತಮ್ಮನಾಗಿ ಆರಂಭದಲ್ಲಿಯೇ ಕೊಲೆಯಾಗುತ್ತಾನೆ.

ಇಂತಹ ದೋಷಗಳ ಬೆಲೆಯೆಷ್ಟು? ಹೆಣ್ಣು ಜಿಂಕೆಗೆ ಕೊಂಬಿಲ್ಲವೆಂಬುದನ್ನು ಅರಿಯದ ಚಿತ್ರಕಾರನ ತಪ್ಪು, ಜಿಂಕೆಯನ್ನು ಗುರುತು ಸಿಗದಂತೆ ಬರೆಯುವವನ ತಪ್ಪಿಗಿಂತ ಚಿಕ್ಕದೆಂದು ಅರಿಸ್ಟಾಟಲನು ತನ್ನ ಕಾವ್ಯಮೀಮಾಂಸೆಯಲ್ಲಿ ಹೇಳಿದ್ದಾನೆ. ವಿಂಚೆಸ್ಟರ್ ಬಂದೂಕು ಇಂತಹ ಕೊಂಬು. ಅದರಿಂದ ಇತಿಹಾಸಕ್ಕೆ ಕುಂದು, ಕಲೆಗೆ ಅಷ್ಟಾಗಿ ಅಲ್ಲ.

ಆದರೆ ಬಂದೂಕಿನ ವಿಷಯದಲ್ಲಿಯೇ ಇನ್ನೊಂದು ದೊಡ್ಡ ಮರೆವು ಇದೆ. ಟೂಮ್‌ಸ್ಟೋನ್ ಪಟ್ಟಣದ ಆಡಳಿತವು ೧೮೮೧ರಲ್ಲಿ ಊರೊಳಗೆ ಆಯುಧ ಧರಿಸುವುದನ್ನು ನಿಷೇಧಿಸಿ ನಿಯಮ ಮಾಡಿತ್ತು; ಆ ನಿಯಮದಂತೆ ಎದುರಾಳಿಗಳನ್ನು ನಿರಾಯುಧರನ್ನಾಗಿಸಲು ವರ್ಜಿಲ್ ಅರ್ಪ್ ಹೊರಟಾಗಲೇ ಕಾಳಗ ಸಂಭವಿಸಿತು. ದನದ ವ್ಯಾಪಾರದಿಂದ ಬೆಳೆದ ಕಾನ್ಸಾಸಿನ ಐದು ಪಟ್ಟಣಗಳಲ್ಲಿ ೧೮೭೦ರಿಂದ ೧೮೮೫ರವರೆಗೆ ಒಟ್ಟು ೪೫ ಕೊಲೆಗಳು ನಡೆದುವೆಂದು ರಾಬರ್ಟ್ ಡೈಕ್‌ಸ್ಟ್ರಾ ೧೯೬೮ರ ತನ್ನ ಗ್ರಂಥದಲ್ಲಿ ಲೆಕ್ಕ ಹಾಕಿದ್ದಾನೆ. ಆ ಊರುಗಳ ಜನಸಂಖ್ಯೆ ಅಲ್ಪವಾಗಿದ್ದುದರಿಂದ ಇದನ್ನು ಶಾಂತಿಯ ಕಾಲವೆನ್ನಲಾಗದು. ಆದರೂ ಚಿತ್ರಗಳು ತೋರುವಂತೆ ಅದು ನಿತ್ಯದ ದ್ವಂದ್ವಯುದ್ಧದ ನಾಡೂ ಆಗಿರಲಿಲ್ಲ. ಬಂದೂಕು ಯಾವ ವರ್ಷದ್ದೆಂದು ಕೇಳುವ ರಸಿಕನು ಅದನ್ನು ಧರಿಸಲು ಅಪ್ಪಣೆಯಿತ್ತೇ ಎಂದೂ ಕೇಳಬೇಕಾಗಿತ್ತು.

೪

ನಮ್ಮ ಮುಖ್ಯ ವಾದ ಈಗ ಬರುತ್ತದೆ. ರಸಿಕನು ಅತ್ಯಂತ ಮೆಚ್ಚುವ ನೆಲದಲ್ಲಿಯೇ ಈ ಚಿತ್ರಗಳ ಅತ್ಯಂತ ದೊಡ್ಡ ಐತಿಹಾಸಿಕ ದೋಷ ಅಡಗಿದೆ. ಅಚ್ಚರಿಯ ಸೊಬಗೇ ಆ ದೋಷವನ್ನು ಕಣ್ಣಿಗೆ ಬೀಳದಂತೆ ಮರೆಮಾಡುತ್ತದೆ.

ಫೋರ್ಡನ ಶ್ರೇಷ್ಠ ಕೃತಿಯೆಂದು ಅನೇಕರು ಎಣಿಸುವ ‘ದಿ ಸರ್ಚರ್ಸ್’ (೧೯೫೬) ಚಿತ್ರವನ್ನು ತೆಗೆದುಕೊಳ್ಳೋಣ. ಕಾಲದೇಶಗಳನ್ನು ಚಿತ್ರವೇ ಆರಂಭದಲ್ಲಿ ಬರೆದು ತೋರಿಸುತ್ತದೆ: ಟೆಕ್ಸಾಸ್, ೧೮೬೮. ಆದರೆ ಕಾಣುವ ನೆಲ ಮಾನ್ಯುಮೆಂಟ್ ವ್ಯಾಲಿ. ಅದಕ್ಕೂ ಟೆಕ್ಸಾಸಿಗೂ ನಡುವೆ ನ್ಯೂ ಮೆಕ್ಸಿಕೋ ಸಂಸ್ಥಾನವೇ ಇದೆ. ಇದನ್ನೂ ಜಿಂಕೆಯ ಕೊಂಬೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಆ ಕಣಿವೆ ನವಾಹೊ ಜನರ ನಾಡು. ಅಮೆರಿಕದ ಸೈನ್ಯ ೧೮೬೪ರಲ್ಲಿ ಆ ಜನರನ್ನು ನೂರಾರು ಮೈಲಿ ನಡೆಸಿ ನ್ಯೂ ಮೆಕ್ಸಿಕೋದ ಬಾಸ್ಕ್ ರೆಡೊಂಡೊ ಎಂಬಲ್ಲಿ ಸೆರೆಯಿಟ್ಟಿತು. ಹಸಿವಿನಿಂದಲೂ ರೋಗದಿಂದಲೂ ಅನೇಕರು ಅಳಿದ ಮೇಲೆ, ೧೮೬೮ರ ಜೂನ್ ೧ರಂದು ಆದ ಒಪ್ಪಂದದ ಪ್ರಕಾರ ಉಳಿದವರು ತಮ್ಮ ನಾಡಿಗೆ ಹಿಂದಿರುಗಿದರು. ಅಂದರೆ ಚಿತ್ರ ತನ್ನದೆಂದು ಬರೆದುಕೊಂಡ ಆ ವರ್ಷವೇ, ಅದು ತೋರುತ್ತಿರುವ ನಾಡಿನ ಜನ ಸೆರೆಯಿಂದ ಬಿಡುಗಡೆಯಾಗಿ ಮನೆಗೆ ನಡೆದು ಬರುತ್ತಿದ್ದ ವರ್ಷ. ಪರದೆಯ ಮೇಲೆ ಆ ಜನರ ವಂಶದವರೂ ಇದ್ದಾರೆ, ಆದರೆ ಕೊಮಾಂಚಿಗಳ ವೇಷದಲ್ಲಿ; ಅವರ ನಾಯಕನ ಪಾತ್ರವಂತೂ ಜರ್ಮನಿಯಲ್ಲಿ ಹುಟ್ಟಿದ ಬಿಳಿಯ ನಟನೊಬ್ಬನದು.

ಚಿತ್ರ ಇತಿಹಾಸವಲ್ಲ, ಪುರಾಣ. ಪುರಾಣವನ್ನು ಶಾಸನದಂತೆ ಓದಬಾರದು ಎಂದು ರಸಿಕರು ಉತ್ತರಿಸುವುದುಂಟು. ಈ ಮಾತಿನಲ್ಲಿ ತಥ್ಯವಿದೆ. ನಾಯಕನ ಜನಾಂಗದ್ವೇಷವನ್ನು ಚಿತ್ರ ಹೊಗಳುವುದಿಲ್ಲ. ಅದನ್ನೊಂದು ವ್ಯಾಧಿಯಂತೆ ತೋರಿಸಿ ಕೊನೆಗೆ ಅವನನ್ನು ಮನೆಯ ಹೊರಗೇ ನಿಲ್ಲಿಸುತ್ತದೆ. ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಆ ಪ್ರಸಿದ್ಧ ದೃಶ್ಯವನ್ನೇ ಗಮನಿಸಬೇಕು. ಚಿತ್ರ ಆರಂಭವಾಗುವುದು ಮನೆಯ ಕತ್ತಲೊಳಗಿನಿಂದ ಬಾಗಿಲು ತೆರೆದಾಗ; ಮುಗಿಯುವುದು ಒಳಗಿನಿಂದಲೇ ಬಾಗಿಲು ಮುಚ್ಚಿದಾಗ. ಪ್ರೇಕ್ಷಕನಿಗೆ ದೊರೆತ ಸ್ಥಾನ ವಲಸೆ ಬಂದವನ ಮನೆಯ ಒಳಗು. ಅಲ್ಲಿಂದ ನೋಡಿದಾಗ ಹೊರಗಿನದೆಲ್ಲ ಬರಿಯ ಬಯಲು. ೧೮೯೩ರಲ್ಲಿ ಫ್ರೆಡರಿಕ್ ಜಾಕ್ಸನ್ ಟರ್ನರ್ ಅಮೆರಿಕದ ಬೆಳವಣಿಗೆಗೆ ಕಾರಣವೆಂದು ಹೇಳಿದ ‘ಮುಕ್ತ ಭೂಮಿ’ ಇದೇ.

ಕಥೆಯ ಮುಕ್ತಾಯವೂ ಈ ದೃಷ್ಟಿಗೆ ಅನುಗುಣವಾಗಿದೆ. ೧೮೩೬ರಲ್ಲಿ ಬಾಲ್ಯದಲ್ಲಿಯೇ ಕೊಮಾಂಚಿಗಳ ಸೆರೆಯಾದ ಸಿಂಥಿಯಾ ಆನ್ ಪಾರ್ಕರ್ ಎಂಬಾಕೆಯ ವೃತ್ತಾಂತ ಇಂತಹ ಕಥೆಗಳಲ್ಲೆಲ್ಲ ಪ್ರಸಿದ್ಧವಾದುದು. ಅವಳು ಆ ಜನರಲ್ಲಿ ಬೆಳೆದು, ಮದುವೆಯಾಗಿ, ತಾಯಿಯಾದಳು. ೧೮೬೦ರಲ್ಲಿ ಅವಳನ್ನು ಬಲವಂತವಾಗಿ ಬಂಧುಗಳ ಬಳಿಗೆ ತಂದ ಮೇಲೆ, ತನ್ನ ಮಕ್ಕಳಿದ್ದೆಡೆಗೆ ಓಡಿಹೋಗಲು ಯತ್ನಿಸುತ್ತಲೇ ಇದ್ದಳು. ಚಿತ್ರದ ಡೆಬ್ಬಿಗಾದರೋ ಬಿಳಿಯರ ಮನೆಯ ಬಾಗಿಲೇ ಬಿಡುಗಡೆ. ಬಂದೂಕಿನ ಮಾದರಿಯನ್ನು ಬದಲಾಯಿಸಿದರೆ ಕಥೆ ಬದಲಾಗುವುದಿಲ್ಲ. ಈ ಬಾಗಿಲಿನ ದಿಕ್ಕನ್ನು ಬದಲಾಯಿಸಿದರೆ ಕಥೆಯೇ ಬೇರೆಯಾಗುತ್ತದೆ. ಕೊಂಬಿನ ದೋಷಕ್ಕೂ ಜಿಂಕೆಯ ದೋಷಕ್ಕೂ ಇರುವ ಅಂತರ ಇದೇ.

೫

ಫೋರ್ಡನಿಗೆ ಇದು ತಿಳಿಯದೆ ಇರಲಿಲ್ಲ. ‘ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲನ್ಸ್’ (೧೯೬೨) ಚಿತ್ರದಲ್ಲಿ ಪತ್ರಿಕಾ ಸಂಪಾದಕನೊಬ್ಬನು ನಿಜವನ್ನು ಕೇಳಿ ತಿಳಿದ ಮೇಲೆಯೂ ಅದನ್ನು ಅಚ್ಚು ಮಾಡದೆ ಐತಿಹ್ಯವನ್ನೇ ಉಳಿಸುತ್ತಾನೆ. ಆದರೆ ಪ್ರೇಕ್ಷಕನಿಗೆ ನಿಜವನ್ನು ತೋರಿಸಿಯೇ ಚಿತ್ರ ಮುಂದೆ ಹೋಗುತ್ತದೆ. ‘ಷೆಯನ್ ಆಟಮ್’ (೧೯೬೪) ಇನ್ನೂ ನೇರವಾದ ಪ್ರಾಯಶ್ಚಿತ್ತ. ೧೮೭೮ರಲ್ಲಿ ಉತ್ತರದ ಷೆಯನ್ ಜನರು ತಮ್ಮ ನಾಡಿಗೆ ಹೊರಟ ದಾರುಣ ಪಯಣ ಅದರ ವಸ್ತು. ಆದರೂ ಆ ಪಯಣ ಸಾಗುವುದು ಪುನಃ ಮಾನ್ಯುಮೆಂಟ್ ವ್ಯಾಲಿಯಲ್ಲಿ. ಷೆಯನ್ನರಾಗಿ ಕಾಣಿಸಿಕೊಂಡವರು ನವಾಹೊಗಳು, ಆಡಿದ ಭಾಷೆಯೂ ನವಾಹೊ. ಒಂದು ಜನದ ದುಃಖವನ್ನು ಹೇಳಲು ಇನ್ನೊಂದು ಜನದ ನಾಡು ನುಡಿಗಳನ್ನು ಬಳಸಿದಂತಾಯಿತು. ಕರ್ತೃವಿನ ಸದುದ್ದೇಶವನ್ನು ಶಂಕಿಸಬೇಕಾಗಿಲ್ಲ. ನ್ಯೂಜೆರ್ಸಿಯಲ್ಲಿ ೧೯೦೩ರಲ್ಲಿ ಆರಂಭವಾದ ಅಭ್ಯಾಸ ಎಷ್ಟು ಆಳವಾಗಿ ಬೇರೂರಿತ್ತೆಂಬುದಕ್ಕೆ ಇದು ನಿದರ್ಶನ.

ಈ ಅಭ್ಯಾಸ ನಮಗೂ ದೂರದ್ದಲ್ಲ. ವೆಸ್ಟರ್ನ್ ಚಿತ್ರಗಳ ಪ್ರಭಾವ ಸ್ಪಷ್ಟವಾಗಿರುವ ಹಿಂದಿಯ ‘ಶೋಲೆ’ (೧೯೭೫) ಚಿತ್ರವನ್ನು ತೆಗೆದದ್ದು ನಮ್ಮ ರಾಮನಗರದ ಬೆಟ್ಟಗಳಲ್ಲಿ. ಅಲ್ಲಿಯ ಹೆಬ್ಬಂಡೆಗಳು ಲೋಕಪ್ರಸಿದ್ಧವಾದುವು, ಆದರೆ ರಾಮಗಡವೆಂಬ ಕಲ್ಪಿತ ಗ್ರಾಮದ ಬಂಡೆಗಳಾಗಿ. ರಾಮನಗರದವರನ್ನು ಅಲ್ಲಿಂದ ಹೊರಡಿಸಿ ಯಾರೂ ಸೆರೆಯಿಟ್ಟಿರಲಿಲ್ಲವಾದ್ದರಿಂದ ಎರಡನ್ನೂ ಸಮನಾಗಿ ತೂಗಲಾಗದು. ನೆಲದ ಹೆಸರು ಎಷ್ಟು ಸುಲಭವಾಗಿ ಅಳಿಯುತ್ತದೆಂಬುದನ್ನು ಮಾತ್ರ ಇದರಿಂದ ಕಾಣಬಹುದು.

ಆದುದರಿಂದ ರಸಿಕನ ಆಕ್ಷೇಪಬುದ್ಧಿಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಬಂದೂಕಿನ ವರ್ಷವನ್ನು ಗುರುತಿಸುವ ಕಣ್ಣು ಆಕರಗಳನ್ನು ಪರೀಕ್ಷಿಸಬಲ್ಲ ಕಣ್ಣು. ನಮ್ಮ ವಿದ್ಯಾರ್ಥಿಗಳಲ್ಲಿ ನಾವು ಬೆಳೆಸಬಯಸುವುದೂ ಅದನ್ನೇ. ಅದು ಸವಾರನ ಕೈಯಲ್ಲಿರುವ ವಸ್ತುವಿನಲ್ಲಿಯೇ ನಿಲ್ಲದೆ, ಅವನ ಕುದುರೆ ತುಳಿಯುತ್ತಿರುವ ನೆಲದ ಕಡೆಗೂ ಹೊರಳಬೇಕು. ಆ ನೆಲದಲ್ಲಿ ಆ ವರ್ಷ ಯಾರಿದ್ದರು, ಅವರು ಎಲ್ಲಿಗೆ ಹೋದರು ಎಂದು ಕೇಳಿದರೆ ಚಿತ್ರದ ಸೊಬಗು ಕುಂದುವುದಿಲ್ಲ. ಕೇಳದಿದ್ದರೆ ಇತಿಹಾಸದ ತರಗತಿಯಲ್ಲಿಯೂ ನಾವು ಆ ಬಾಗಿಲಿನ ಒಳಗೇ ಕುಳಿತು ಬಯಲನ್ನು ನೋಡುತ್ತಿರುತ್ತೇವೆ.