ಹರಾಜಿಗೆ ಬಂದ ಕುರ್ಚಿಗಳು

ಕುರ್ಚಿ ಎಂಬ ಮಾತು ನಮಗೆ ಬಂದದ್ದು ಅರಬಿಯ ‘ಕುರ್ಸಿ’ಯಿಂದ. ಫಾರಸಿ, ಉರ್ದುಗಳ ದಾರಿ ಹಿಡಿದು ಬಂದು ಅದು ಕನ್ನಡದ ಪಡಸಾಲೆಯಲ್ಲಿ ಕೂತಿದೆ. ಕೂತರೂ ತನ್ನ ಹಳೆಯ ಗತ್ತನ್ನು ಬಿಟ್ಟಿಲ್ಲ. ‘ಆಯತುಲ್ ಕುರ್ಸಿ’ಯನ್ನು ಬಾಯಿಪಾಠ ಮಾಡಿದ ಮಕ್ಕಳಿಗೂ, ಪತ್ರಿಕೆಯಲ್ಲಿ ‘ಕುರ್ಚಿ ಕಾಳಗ’ದ ಸುದ್ದಿ ಓದುವ ದೊಡ್ಡವರಿಗೂ ಕುರ್ಚಿಯೆಂದರೆ ಬರೀ ಮರದ ಸಾಮಾನಲ್ಲ ಎಂಬುದು ಗೊತ್ತು. ಒಬ್ಬರು ಕುರ್ಚಿಯ ಮೇಲೆ, ಉಳಿದವರು ಚಾಪೆಯ ಮೇಲೆ ಎಂಬ ಚಿತ್ರ ನಮ್ಮ ನೆನಪಿನಲ್ಲಿ ಅಷ್ಟು ಗಟ್ಟಿಯಾಗಿದೆ. ಎಲ್ಲಿ ಕುರ್ಚಿಯಿದೆಯೋ ಅಲ್ಲಿ ಮೇಲು ಕೀಳು ಇದೆ.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಡೆನ್ಮಾರ್ಕ್ ಎಂಬ ಪುಟ್ಟ ದೇಶದ ಕೆಲವು ಬಡಗಿಗಳೂ ವಿನ್ಯಾಸಕಾರರೂ ಸೇರಿ ಕುರ್ಚಿಯಿಂದ ಈ ಗತ್ತನ್ನು ಇಳಿಸಲು ನೋಡಿದರು. ಕುರ್ಚಿ ಕೂರುವವನ ಅಂತಸ್ತನ್ನು ಸಾರಬೇಕಿಲ್ಲ, ಅವನ ಬೆನ್ನು, ತೊಡೆ, ಮೊಣಕೈಗಳನ್ನು ಅರಿತರೆ ಸಾಕು ಎಂಬುದು ಅವರ ವಿಚಾರವಾಗಿತ್ತು. ಆ ಕುರ್ಚಿಗಳೇ ಇಂದು ಲಂಡನ್, ನ್ಯೂಯಾರ್ಕ್, ಕೋಪನ್‌ಹೇಗನ್‌ಗಳ ಹರಾಜುಗಳಲ್ಲಿ ಚಿತ್ರಪಟಗಳಂತೆ, ಶಿಲ್ಪಗಳಂತೆ ಮಾರಾಟವಾಗುತ್ತಿವೆ. ಅವುಗಳನ್ನು ಸಂಗ್ರಹಿಸುವುದು ಒಂದು ದೊಡ್ಡ ಹವ್ಯಾಸವಾಗಿದೆ, ವ್ಯಾಪಾರವೂ ಆಗಿದೆ. ಗತ್ತು ಇಳಿಸಲು ಹೊರಟ ಕುರ್ಚಿಗೆ ಮತ್ತೆ ಗತ್ತು ಬಂದದ್ದು ಹೇಗೆ? ನಾವು ಇಲ್ಲಿ ಕೇಳಬೇಕೆಂದಿರುವುದು ಈ ಪ್ರಶ್ನೆಯನ್ನು.

ಮೊದಲು ಸಂಗ್ರಾಹಕನ ಕಣ್ಣು ಎಲ್ಲಿರುತ್ತದೆ ಎಂದು ನೋಡೋಣ. ಹಳೆಯ ಡ್ಯಾನಿಶ್ ಕುರ್ಚಿಯೊಂದು ಕೈಗೆ ಸಿಕ್ಕರೆ ಅನುಭವಸ್ಥ ಸಂಗ್ರಾಹಕ ಮೊದಲು ಅದರಲ್ಲಿ ಕೂರುವುದಿಲ್ಲ, ಅದನ್ನು ತಲೆಕೆಳಗು ಮಾಡುತ್ತಾನೆ. ಅಡಿಯಲ್ಲಿ ಕಾರ್ಖಾನೆಯ ಸುಟ್ಟ ಮುದ್ರೆಯಿದೆಯೇ, ಇದ್ದರೆ ಯಾವ ಕಾಲದ್ದು, ಮರ ತೇಗವೋ ಓಕೋ ರೋಸ್‌ವುಡ್ಡೋ, ಚರ್ಮ ಮೊದಲಿನದೇ ಅಥವಾ ಬದಲಾಯಿಸಿದ್ದೇ, ಯಾರಾದರೂ ಉಜ್ಜಿ ಹೊಸ ಪಾಲಿಷ್ ಹೊಡೆದಿದ್ದಾರೆಯೇ ಎಂದೆಲ್ಲ ಪರೀಕ್ಷಿಸುತ್ತಾನೆ. ಇವು ಅನಗತ್ಯ ಪ್ರಶ್ನೆಗಳಲ್ಲ. ನಕಲಿಗಳು ತುಂಬಿದ ಪೇಟೆಯಲ್ಲಿ ಅಸಲನ್ನು ಗುರುತಿಸಲು ಇವು ಬೇಕು. ಆದರೆ ಇವುಗಳಲ್ಲಿ ಒಂದೂ ಕೂರುವುದಕ್ಕೆ ಸಂಬಂಧಪಟ್ಟದ್ದಲ್ಲ ಎಂಬುದು ಗಮನಾರ್ಹ.

ಈ ಕುರ್ಚಿಗಳ ಹಿಂದಿನ ಗುರು ಕೋರೆ ಕ್ಲಿಂಟ್. 1924ರಲ್ಲಿ ಡೆನ್ಮಾರ್ಕಿನ ರಾಯಲ್ ಅಕಾಡೆಮಿಯಲ್ಲಿ ಪೀಠೋಪಕರಣ ವಿಭಾಗ ಆರಂಭವಾದಾಗ ಅದರ ಹೊಣೆ ಹೊತ್ತವರು ಅವರು. ಹೊಸದನ್ನು ಹುಟ್ಟಿಸುವ ಮೊದಲು ಹಳೆಯದನ್ನು ಅಳೆದು ನೋಡಿ ಎಂಬುದು ಅವರ ಪಾಠ. ಮನುಷ್ಯನ ಮೈಯನ್ನೂ ಮನೆಯ ಸಾಮಾನುಗಳನ್ನೂ ಅಳೆಸಿದರು. ಬೇರೆ ಬೇರೆ ದೇಶಕಾಲಗಳ ಕುರ್ಚಿಗಳ ನಕ್ಷೆ ತೆಗೆಸಿದರು. ಅವರದೇ 1933ರ ‘ಸಫಾರಿ ಕುರ್ಚಿ’ ಹುಟ್ಟಿದ್ದು ಎಲ್ಲಿಂದ? ನಮ್ಮ ರೂರ್ಕಿಯಿಂದ. ಇಂದಿನ ಉತ್ತರಾಖಂಡದ ಆ ಊರಿನ ದಂಡಿನಲ್ಲಿ ಬ್ರಿಟಿಷ್ ಸೇನಾಧಿಕಾರಿಗಳಿಗಾಗಿ ರೂಢಿಗೆ ಬಂದ, ಬಿಚ್ಚಿ ಕಟ್ಟಿಕೊಂಡು ಹೋಗಬಹುದಾದ ‘ರೂರ್ಕಿ ಕುರ್ಚಿ’ಯೇ ಅದರ ಮೂಲ. ಕೋಲುಗಳು, ಕ್ಯಾನ್ವಾಸು, ಕೈಯಿಡಲು ಚರ್ಮದ ಪಟ್ಟಿ, ಇಷ್ಟೇ.

ಕ್ಲಿಂಟ್ ಅವರ ದಾರಿಯಲ್ಲಿ ನಡೆದವರೂ ಹೀಗೆಯೇ ಎರವಲು ತಂದರು. ಹಾನ್ಸ್ ವೆಗ್ನರ್ 1940ರ ದಶಕದಲ್ಲಿ ಚೀನಾದ ಮಿಂಗ್ ಕಾಲದ ಕುರ್ಚಿಗಳನ್ನು ನೋಡಿ ತಮ್ಮ ‘ಚೀನಾ ಕುರ್ಚಿ’ಯನ್ನು ಮಾಡಿದರು. 1949ರಲ್ಲಿ ವಿನ್ಯಾಸಗೊಂಡು ಮರುವರ್ಷ ತಯಾರಿಕೆಗೆ ಬಂದ ಅವರ ‘ವಿಶ್‌ಬೋನ್’ ಕುರ್ಚಿಗೂ ಅದೇ ಮೂಲ. ಬೋರ್ಗ ಮೊಗೆನ್ಸೆನ್ ಅವರ 1958ರ ‘ಸ್ಪ್ಯಾನಿಷ್ ಕುರ್ಚಿ’ಗೆ ದಪ್ಪ ಚರ್ಮದ ಹಾಸು, ಲೋಟ ಇಡಬಹುದಾದಷ್ಟು ಅಗಲವಾದ ಮರದ ಕೈಗಳು. ಅವರು ಸ್ಪೇನಿನ ಪ್ರವಾಸದಲ್ಲಿ ಕಂಡದ್ದು ಆಂಡಲೂಸಿಯಾದಿಂದ ಉತ್ತರ ಭಾರತದವರೆಗೆ ಇಸ್ಲಾಮಿ ಸಂಸ್ಕೃತಿಯ ಪ್ರಭಾವವಿದ್ದ ನಾಡುಗಳಲ್ಲಿ ಬಳಕೆಯಲ್ಲಿದ್ದ ಒಂದು ಹಳೆಯ ಬಗೆಯ ಕುರ್ಚಿಯನ್ನು. ರೂರ್ಕಿ, ಚೀನಾ, ಆಂಡಲೂಸಿಯಾ ಎಲ್ಲವೂ ಸೇರಿ ಆದದ್ದು ಡ್ಯಾನಿಶ್ ಕುರ್ಚಿ. ಇದು ಕಳ್ಳತನವಲ್ಲ. ಸಂಸ್ಕೃತಿಗಳು ಬೆಳೆಯುವುದೇ ಹೀಗೆ. ಆದರೆ ಹರಾಜಿನ ಪಟ್ಟಿಯಲ್ಲಿ ‘ಡ್ಯಾನಿಶ್’ ಎಂಬ ಒಂದೇ ಪದ ದಪ್ಪಕ್ಷರದಲ್ಲಿ ನಿಂತಾಗ ಈ ಕೊಡುಕೊಳೆಯೆಲ್ಲ ಅದರ ಹಿಂದೆ ಮರೆಯಾಗುತ್ತದೆ. ಶುದ್ಧ ದೇಶೀಯತೆಯ ಮಾತು ಎಲ್ಲಿ ಕೇಳಿಬಂದರೂ ನಾವು ಸ್ವಲ್ಪ ಎಚ್ಚರವಾಗಿರಬೇಕು, ಕುರ್ಚಿಯ ವಿಷಯದಲ್ಲೂ.

ಈ ಕುರ್ಚಿಗಳ ನಿಜವಾದ ಹಿರಿಮೆ ತಿಳಿಯಬೇಕಾದರೆ ವೆಗ್ನರ್ ಅವರ 1949ರ ‘ದುಂಡು ಕುರ್ಚಿ’ಯನ್ನು ನೋಡಬೇಕು. ಅಮೆರಿಕನ್ನರು ಇದನ್ನು ‘ದಿ ಚೇರ್’ ಎಂದೇ ಕರೆದರು. 1960ರ ಸೆಪ್ಟೆಂಬರ್ 26ರಂದು ಕೆನಡಿ ಮತ್ತು ನಿಕ್ಸನ್ ಟಿವಿಯಲ್ಲಿ ಮೊದಲ ಬಾರಿ ಎದುರಾದಾಗ ವೇದಿಕೆಯಲ್ಲಿದ್ದವು ಇವೇ ಕುರ್ಚಿಗಳು. ಇದರ ಬೆನ್ನು ಮತ್ತು ಎರಡು ಕೈಗಳು ಸೇರಿ ಒಂದೇ ಬಾಗು. ಮಾಡಿರುವುದು ಮಾತ್ರ ಮೂರು ತುಂಡುಗಳಿಂದ. ಮೊದಲ ಕುರ್ಚಿಗಳಲ್ಲಿ ಆ ಜೋಡಣೆ ಕಾಣದಂತೆ ಬೆನ್ನಿಗೆ ಬೆತ್ತ ಸುತ್ತುತ್ತಿದ್ದರು. ಆಮೇಲೆ ವೆಗ್ನರ್ ಬೆತ್ತವನ್ನು ತೆಗೆದುಹಾಕಿದರು. ಬೆರಳಿಗೆ ಬೆರಳು ಹೆಣೆದಂತೆ ಹಲ್ಲುಹಲ್ಲಾಗಿ ಕೂಡುವ ಜೋಡಣೆಯನ್ನು ಬಯಲಿಗೆ ತಂದು, ಅದನ್ನೇ ಕುರ್ಚಿಯ ಅಂದವನ್ನಾಗಿಸಿದರು. ಮುಚ್ಚಬೇಕಾಗಿದ್ದ ಬಡಗಿಯ ಕೆಲಸ ಹೀಗೆ ಎಲ್ಲರಿಗೂ ಕಾಣುವಂತಾಯಿತು.

ವೆಗ್ನರ್‌ಗೆ ಇದು ಸಾಧ್ಯವಾದದ್ದು ಅವರು ಸ್ವತಃ ಬಡಗಿಯಾಗಿದ್ದರಿಂದ. ಟೋಂಡರ್ ಎಂಬ ಊರಿನ ಚಮ್ಮಾರರ ಮಗ, ಹುಡುಗನಿದ್ದಾಗಲೇ ಬಡಗಿಯೊಬ್ಬರ ಬಳಿ ಕೆಲಸಕ್ಕೆ ಸೇರಿದವರು. 2007ರಲ್ಲಿ ತೀರಿಕೊಳ್ಳುವ ವೇಳೆಗೆ ಅವರು ಬರೆದ ಕುರ್ಚಿಗಳ ನಕ್ಷೆಗಳು 500ಕ್ಕೂ ಹೆಚ್ಚು. ಫಿನ್ ಯೂಲ್ ಹಾಗಲ್ಲ, ಅವರು ವಾಸ್ತುಶಿಲ್ಪಿ. ಕುರ್ಚಿಯನ್ನು ಶಿಲ್ಪದಂತೆ ಕಂಡ ಅವರ ಕಲ್ಪನೆಗೆ ಮರದಲ್ಲಿ ಮೈ ಕೊಟ್ಟವರು ನೀಲ್ಸ್ ವೊಡ್ಡರ್ ಎಂಬ ಬಡಗಿ. 1927ರಿಂದ 1966ರವರೆಗೆ ಕೋಪನ್‌ಹೇಗನ್ನಿನ ಬಡಗಿಗಳ ಸಂಘ ಪ್ರತಿ ವರ್ಷ ಪ್ರದರ್ಶನ ನಡೆಸುತ್ತಿತ್ತು. ವಿನ್ಯಾಸಕಾರನೂ ಬಡಗಿಯೂ ಜೊತೆಯಾಗಿ ಹೊಸ ಮಾದರಿಗಳನ್ನು ಜನರ ಮುಂದಿಡುತ್ತಿದ್ದುದು ಅಲ್ಲಿಯೇ. ಇಂದಿನ ಪೇಟೆಯಲ್ಲಿ ಯೂಲ್ ಹೆಸರು ಮೊದಲು ಬರುತ್ತದೆ, ವೊಡ್ಡರ್ ಹೆಸರು ಮುದ್ರೆಯಾಗಿ ಬರುತ್ತದೆ. ಆ ಕಾರ್ಖಾನೆಯಲ್ಲಿ ದಿನವಿಡೀ ಉಳಿ, ಉಜ್ಜುಕಾಗದ ಹಿಡಿದು ನಿಂತಿದ್ದ ಕಾರೀಗರರ ಹೆಸರು ಎಲ್ಲಿಯೂ ಬರುವುದಿಲ್ಲ. ಸಂಗ್ರಾಹಕರು ಕಾರ್ಖಾನೆಯ ಹೆಸರನ್ನಾದರೂ ಉಳಿಸಿದ್ದಾರೆ ಎಂಬುದನ್ನು ಒಪ್ಪಬೇಕು. ಆದರೆ ಹೆಸರಿಗೆ ಬೆಲೆ ಕಟ್ಟುವುದೂ ಕೈಗೆ ಬೆಲೆ ಕಟ್ಟುವುದೂ ಒಂದೇ ಅಲ್ಲ.

ಮರದ ಕಥೆಯೂ ಹೀಗೆಯೇ. ಡೆನ್ಮಾರ್ಕಿನಲ್ಲಿ ತೇಗ ಬೆಳೆಯುವುದಿಲ್ಲ. ಆದರೂ ಯುದ್ಧಾನಂತರದ ಡ್ಯಾನಿಶ್ ಕುರ್ಚಿ ಎಂದೊಡನೆ ತೇಗದ ಬಣ್ಣವೇ ಕಣ್ಣಿಗೆ ಕಟ್ಟುತ್ತದೆ. ಈ ದೇಶಕ್ಕೂ ಪೂರ್ವದ ನಾಡುಗಳಿಗೂ ಹಳೆಯ ನಂಟಿದೆ. ತಮಿಳುನಾಡಿನ ತರಂಗಂಬಾಡಿ 1620ರಿಂದ 1845ರವರೆಗೆ ಡೇನರ ವಸಾಹತಾಗಿತ್ತು. 1897ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹುಟ್ಟಿದ ಈಸ್ಟ್ ಏಷ್ಯಾಟಿಕ್ ಕಂಪನಿ ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ತೇಗದ ವ್ಯಾಪಾರದಲ್ಲಿ ಬೆಳೆದದ್ದು. ಇನ್ನು ಬ್ರೆಜಿಲ್ಲಿನ ರೋಸ್‌ವುಡ್ ಎಷ್ಟು ಕಡಿಯಲ್ಪಟ್ಟಿತೆಂದರೆ 1992ರಲ್ಲಿ ಅಂತಾರಾಷ್ಟ್ರೀಯ ಒಪ್ಪಂದದ ಕೆಳಗೆ ಅದರ ವ್ಯಾಪಾರವನ್ನೇ ನಿಷೇಧಿಸಬೇಕಾಯಿತು. ನಮ್ಮ ಬೀಟೆಯೂ ಸೇರಿ ಆ ಕುಲದ ಎಲ್ಲ ಮರಗಳೂ 2017ರಲ್ಲಿ ನಿಯಂತ್ರಣದ ಪಟ್ಟಿಗೆ ಬಂದವು. ಆದ್ದರಿಂದ ಹಳೆಯ ರೋಸ್‌ವುಡ್ ಕುರ್ಚಿ ಗಡಿ ದಾಟಬೇಕಾದರೆ ಕಾಗದಪತ್ರ ಬೇಕು. ಮರ ಸಿಗುವುದಿಲ್ಲ ಎಂಬ ಕಾರಣಕ್ಕೇ ಅಂಥ ಕುರ್ಚಿಯ ಬೆಲೆ ಇನ್ನಷ್ಟು ಏರುತ್ತದೆ. ಕಾಡು ಬರಿದಾದದ್ದೂ ಇಲ್ಲಿ ಒಂದು ಯೋಗ್ಯತೆ!

ಈಗ ಎರಡು ಕುರ್ಚಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಒಂದು ಫಿನ್ ಯೂಲ್ ಅವರ 1949ರ ದೊಡ್ಡ ಕುರ್ಚಿ. ಆ ವರ್ಷದ ಪ್ರದರ್ಶನದಲ್ಲಿ ದೊರೆ ಒಂಬತ್ತನೆಯ ಫ್ರೆಡರಿಕ್ ಅದರಲ್ಲಿ ಕೂತರು. ಹಾಗಾದರೆ ಇದನ್ನು ‘ರಾಜನ ಕುರ್ಚಿ’ ಎನ್ನೋಣವೇ ಎಂದು ಯಾರೋ ಕೇಳಿದಾಗ ಯೂಲ್ ‘ನಾಯಕನ ಕುರ್ಚಿ’ ಎನ್ನಿ ಸಾಕು ಎಂದರಂತೆ. ಆ ಹೆಸರೇ ನಿಂತಿತು. ಆ ಮಾದರಿಯ ಹಳೆಯ ಕುರ್ಚಿಯೊಂದು 2013ರಲ್ಲಿ ಲಂಡನ್ನಿನ ಹರಾಜಿನಲ್ಲಿ 4 ಲಕ್ಷ ಪೌಂಡಿಗೂ ಮೀರಿದ ಬೆಲೆಗೆ ಹೋಯಿತು. ಇನ್ನೊಂದು ಮೊಗೆನ್ಸೆನ್ ಅವರ 1947ರ ‘ಜೆ 39’. ಅದಕ್ಕೆ ಕೈಗಳೂ ಇಲ್ಲ. ನಾಲ್ಕು ಕಾಲು, ಅಗಲವಾದ ಒಂದು ಬೆನ್ನುಪಟ್ಟಿ, ಕಾಗದದ ಹುರಿಯಿಂದ ಹೆಣೆದ ಆಸನ. ಡೆನ್ಮಾರ್ಕಿನ ಸಹಕಾರಿ ಸಂಘಗಳ ಒಕ್ಕೂಟ ದುಡಿಯುವ ಜನರ ಸಣ್ಣ ಮನೆಗಳಿಗೆಂದು ಮಾಡಿಸಿದ ಕುರ್ಚಿ ಅದು. ಜನ ಅದನ್ನು ‘ಜನರ ಕುರ್ಚಿ’ ಎಂದರು. ಒಂದೇ ದೇಶ, ಒಂದೇ ಕಾಲ, ಎರಡು ವರ್ಷಗಳ ಅಂತರ. ಸಂಗ್ರಹದ ಲೋಕ ತಲೆಯ ಮೇಲೆ ಹೊತ್ತು ಮೆರೆಸಿದ್ದು ದೊರೆ ಕೂತ ಮಾದರಿಯನ್ನು.

ಬಡಗಿಗಳ ಪ್ರದರ್ಶನದ ಕುರ್ಚಿಗಳು ಆ ಕಾಲದಲ್ಲೂ ಬಡವರಿಗೆ ಎಟುಕುವಂಥವಾಗಿರಲಿಲ್ಲ ಎಂದು ಯಾರಾದರೂ ಹೇಳಬಹುದು. ಅದು ನಿಜ. ಕೈಕೆಲಸಕ್ಕೆ ತಕ್ಕ ಕೂಲಿ ಕೊಟ್ಟರೆ ಕುರ್ಚಿ ಅಗ್ಗವಾಗುವುದಿಲ್ಲ. ಅಗ್ಗವಾಗಬೇಕೆಂದು ಬಡಗಿಯ ಹೊಟ್ಟೆಗೆ ಹೊಡೆಯುವುದೂ ನ್ಯಾಯವಲ್ಲ. ಆದರೆ ಅಂದಿನ ಬೆಲೆ ಕೆಲಸಕ್ಕೆ ಸಂದ ಬೆಲೆ. ಇಂದಿನ ಹರಾಜಿನ ಹಣದಲ್ಲಿ ಆ ಕೆಲಸಗಾರರಿಗೆ ಒಂದು ಕಾಸೂ ಇಲ್ಲ.

ಸಂಗ್ರಾಹಕರ ಋಣವನ್ನೂ ಮರೆಯಬಾರದು. 1960ರ ದಶಕದ ಕೊನೆಗೆ ಪ್ಲಾಸ್ಟಿಕ್ಕಿನ ಹೊಸ ಮೋಜು ಬಂದಾಗ ಈ ಕುರ್ಚಿಗಳನ್ನು ಕೇಳುವವರು ಕಡಿಮೆಯಾದರು. ಎಷ್ಟೋ ಕಾರ್ಖಾನೆಗಳು ಬಾಗಿಲು ಮುಚ್ಚಿದವು. ಹಳೆಯ ಕುರ್ಚಿಗಳು ಅಟ್ಟ ಸೇರಿದವು, ಗುಜರಿ ಸೇರಿದವು. ಅಲ್ಲಿಂದ ಎತ್ತಿ ತಂದು, ಯಾವುದು ಯಾರದು ಎಂದು ಗುರುತಿಸಿದವರು ಸಂಗ್ರಾಹಕರೇ. ಜಪಾನಿನ ನೊರಿತ್ಸುಗು ಓಡಾ ಅವರನ್ನೇ ನೋಡಿ. ಹೊಕ್ಕೈಡೊ ದ್ವೀಪದ ಈ ಪ್ರಾಧ್ಯಾಪಕರು 1300ಕ್ಕೂ ಹೆಚ್ಚು ಕುರ್ಚಿಗಳನ್ನು ಕೂಡಿಹಾಕಿದರು. ಕೂಡಿಹಾಕಿ ಬೀಗ ಹಾಕಲಿಲ್ಲ. ಅಳತೆ ತೆಗೆದರು, ಚಿತ್ರ ಬರೆದರು, ಡ್ಯಾನಿಶ್ ಕುರ್ಚಿಗಳ ಬಗ್ಗೆ ಪುಸ್ತಕ ಬರೆದರು. ಮುಂದೆ ಆ ಸಂಗ್ರಹವನ್ನು ಹಿಗಾಶಿಕಾವಾ ಎಂಬ ಸಣ್ಣ ಪಟ್ಟಣ ತನ್ನದಾಗಿಸಿಕೊಂಡಿತು. ಮರಗೆಲಸದಿಂದಲೇ ಬದುಕುವ ಕುಟುಂಬಗಳಿರುವ ಆ ಸೀಮೆಯಲ್ಲಿ ಹಳೆಯ ಕುರ್ಚಿಗಳು ಹೊಸ ಬಡಗಿಗಳಿಗೆ ಪಾಠವಾಗಿವೆ. ಕ್ಲಿಂಟ್ ಹೇಳಿಕೊಟ್ಟದ್ದೂ ಇದನ್ನೇ ಅಲ್ಲವೇ? ಸಂಗ್ರಹ ಮಾಡುವುದರಲ್ಲಿ ತಪ್ಪಿಲ್ಲ. ಸಂಗ್ರಹ ಯಾರಿಗೆ ಏನನ್ನು ಕಲಿಸುತ್ತದೆ ಎಂಬುದು ಮುಖ್ಯ.

ಇದು ದೂರದ ನಾಡಿನ ಸಿರಿವಂತರ ಗೀಳು, ನಮಗೇಕೆ ಎನ್ನುವಂತಿಲ್ಲ. 1950ರ ದಶಕದಲ್ಲಿ ಚಂಡೀಗಢ ನಗರ ಕಟ್ಟುವಾಗ ಪಿಯರ್ ಜೆನ್ನರೆ ಅವರ ಮಾರ್ಗದರ್ಶನದಲ್ಲಿ ಸರ್ಕಾರಿ ಕಚೇರಿಗಳಿಗೆಂದು ತೇಗ ಮತ್ತು ಬೆತ್ತದ ಕುರ್ಚಿಗಳನ್ನು ಸಾವಿರಗಟ್ಟಲೆ ಮಾಡಿಸಲಾಯಿತು. ಮಾಡಿದವರು ನಮ್ಮ ಬಡಗಿಗಳು. ಮುಂದೆ ಅವು ಹಳೆಯ ಸಾಮಾನೆಂದು ಕಿಲುಬು ಕಾಸಿಗೆ ಹರಾಜಾದವು. ಕೊಂಡವರು ಹೊರದೇಶಗಳಿಗೆ ಸಾಗಿಸಿ, ದುರಸ್ತಿ ಮಾಡಿಸಿ, ಲಕ್ಷಗಟ್ಟಲೆಗೆ ಮಾರಿದರು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಅವುಗಳ ಮಾರಾಟ, ಸಾಗಾಟಗಳನ್ನು ತಡೆಯಲು ಆದೇಶಿಸುವ ಹೊತ್ತಿಗೆ ಬಹಳಷ್ಟು ಹೋಗಿಯಾಗಿತ್ತು. ಗುಮಾಸ್ತ ಕೂತು ಸವೆಸಿದ ಕುರ್ಚಿಗೆ ನಾವು ಬೆಲೆ ಕೊಡಲಿಲ್ಲ. ಪ್ಯಾರಿಸ್ಸಿನವರು ಬೆಲೆ ಕೊಟ್ಟರು, ಆದರೆ ಗುಮಾಸ್ತನನ್ನೂ ಬಡಗಿಯನ್ನೂ ಬಿಟ್ಟು ಕೊಟ್ಟರು.

ಹಾಗಾದರೆ ಒಳ್ಳೆಯ ಕುರ್ಚಿಯನ್ನು ಅಳೆಯುವುದು ಹೇಗೆ? ಸಂಗ್ರಾಹಕರು ‘ಮುಟ್ಟದ ಸ್ಥಿತಿ’ ಎಂಬುದನ್ನು ಬಹಳ ಹೊಗಳುತ್ತಾರೆ. ಎಪ್ಪತ್ತು ವರ್ಷ ಯಾರೂ ಮುಟ್ಟದ ಕುರ್ಚಿ ನಮ್ಮ ದೃಷ್ಟಿಯಲ್ಲಿ ದುರದೃಷ್ಟದ ಕುರ್ಚಿ. ಅದಕ್ಕಿಂತ ಮೂರು ಸಲ ಮೆತ್ತೆ ಬದಲಾಯಿಸಿಕೊಂಡು, ಎರಡು ಸಲ ಹುರಿ ಹೆಣೆಸಿಕೊಂಡು, ಕೈಗಳ ತುದಿ ಅಂಗೈಯ ಉಜ್ಜಾಟದಿಂದ ಕಪ್ಪಾಗಿ ಮಿರುಗುತ್ತಿರುವ ಕುರ್ಚಿ ಹೆಚ್ಚಿನದು. ವೆಗ್ನರ್‌ಗಳೂ ಮೊಗೆನ್ಸೆನ್‌ಗಳೂ ಕುರ್ಚಿ ಮಾಡಿದ್ದು ಇಂಥ ಬಾಳಿಗಾಗಿ. ದುರಸ್ತಿಯಾದ ಕುರ್ಚಿಯ ಬೆಲೆ ಇಳಿಯುತ್ತದೆ ಎಂಬ ಪೇಟೆಯ ನಿಯಮ ಕುರ್ಚಿ ಮಾಡಿದವರ ಉದ್ದೇಶಕ್ಕೇ ವಿರುದ್ಧವಾದದ್ದು.

ಈ ಕುರ್ಚಿಗಳ ದೊಡ್ಡಸ್ತಿಕೆ ಅವುಗಳ ಅಪರೂಪದಲ್ಲಿಲ್ಲ. ಬಡಗಿಯ ಜೋಡಣೆಯನ್ನು ಮುಚ್ಚದೆ ತೋರಿಸಿದ್ದರಲ್ಲಿ, ಪರನಾಡಿನ ಕುರ್ಚಿಯ ಮುಂದೆ ಶಿಷ್ಯರಂತೆ ನಿಂತು ಕಲಿತದ್ದರಲ್ಲಿ, ದುಡಿದು ಬಂದವನ ಬೆನ್ನಿಗೂ ಒಂದು ಆಧಾರ ಬೇಕೆಂದು ಯೋಚಿಸಿದ್ದರಲ್ಲಿ ಅದು ಇದೆ. ಇವುಗಳನ್ನು ಬಿಟ್ಟು ಮುದ್ರೆಯನ್ನಷ್ಟೇ ಕೊಂಡವನಿಗೆ ಸಿಂಹಾಸನವೊಂದು ಸಿಕ್ಕಿರಬಹುದು; ಕುರ್ಚಿ ಸಿಕ್ಕಿಲ್ಲ.