ಔಷಧಪ್ರಮಾಣವೂ ಜನಚರಿತ್ರೆಯೂ: ನ್ಯುಮೊಸಿಸ್ಟಿಸ್ ಚಿಕಿತ್ಸೆಯ ಒಂದು ವಿಮರ್ಶೆ

ಇತಿಹಾಸದ ಅಭ್ಯಾಸಿಗೆ ವೈದ್ಯಗ್ರಂಥದ ಔಷಧಪ್ರಮಾಣದ ಪಟ್ಟಿಯೂ ಒಂದು ದಾಖಲೆಯೇ. ದಾಖಲೆಯೊಂದು ಏನನ್ನು ಹೇಳುತ್ತದೆ, ಏನನ್ನು ಅಂಚಿಗೆ ಸರಿಸುತ್ತದೆ ಎಂದು ವಿಚಾರಿಸುವುದು ನಮ್ಮ ಶಾಸ್ತ್ರದ ಧರ್ಮ. ನ್ಯುಮೊಸಿಸ್ಟಿಸ್ ಎಂಬ ಶಿಲೀಂಧ್ರದಿಂದುಂಟಾಗುವ ನ್ಯುಮೋನಿಯಾದ ಚಿಕಿತ್ಸಾಕ್ರಮವನ್ನು ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಯ ಜನಚರಿತ್ರೆಯ ಬೆಳಕಿನಲ್ಲಿ ಇಲ್ಲಿ ಪರೀಕ್ಷಿಸಲು ಯತ್ನಿಸಿದ್ದೇವೆ.

ದೇಹದ ರಕ್ಷಣಾಶಕ್ತಿ ಕುಗ್ಗಿದಾಗಲೇ ತಲೆಯೆತ್ತುವುದರಿಂದ ಈ ಸೋಂಕಿಗೆ ‘ಅವಕಾಶವಾದಿ’ ಎಂಬ ಹೆಸರು ಬಂದಿದೆ. ಎರಡನೆಯ ಮಹಾಯುದ್ಧದ ತರುವಾಯ ಯುರೋಪಿನ ದುರ್ಬಲ ಶಿಶುಗಳಲ್ಲಿ ಇದು ಹರಡಿತು. 1981ರಲ್ಲಿ ಲಾಸ್ ಏಂಜಲೀಸಿನ ಐವರು ಯುವಕರಲ್ಲಿ ಕಾಣಿಸಿಕೊಂಡು ಏಡ್ಸ್ ರೋಗದ ಮೊದಲ ಸುಳಿವಾಯಿತು. ಬಹುಕಾಲ ಏಕಕೋಶ ಪ್ರಾಣಿಯೆಂದೇ ಎಣಿಸಲ್ಪಟ್ಟಿದ್ದ ಈ ಜೀವಿ ಶಿಲೀಂಧ್ರವೆಂಬುದು 1988ರಲ್ಲಿ ಸ್ಪಷ್ಟವಾಯಿತು. ಆದರೂ ಸಾಮಾನ್ಯ ಶಿಲೀಂಧ್ರನಾಶಕಗಳು ಹಿಡಿಯುವ ಎರ್ಗೊಸ್ಟೆರಾಲ್ ಇದರ ಕೋಶದ ಪೊರೆಯಲ್ಲಿಲ್ಲದ್ದರಿಂದ ಅವು ಬಹುಮಟ್ಟಿಗೆ ನಿಷ್ಫಲ. ಬ್ಯಾಕ್ಟೀರಿಯಾಗಳಿಗೆಂದು ಬಳಸುವ ಕೋಟ್ರೈಮಾಕ್ಸಜೋಲೇ ಇಲ್ಲಿ ಮುಖ್ಯೌಷಧ.

ಪ್ರಮಾಣವು ದೇಹತೂಕವನ್ನು ಅವಲಂಬಿಸಿದೆ. ಕಿಲೋ ಒಂದಕ್ಕೆ ದಿನಕ್ಕೆ 15ರಿಂದ 20 ಮಿಲಿಗ್ರಾಂ ಟ್ರೈಮೆಥೊಪ್ರಿಮ್, ಅದರ ಐದರಷ್ಟು ಸಲ್ಫಾಮೆಥಾಕ್ಸಜೋಲ್, ಹೀಗೆ 21 ದಿನ. 50 ಕಿಲೋ ತೂಕದವನಿಗೆ ಇದು ದಿನಕ್ಕೆ ಸುಮಾರು ಆರು ದೊಡ್ಡ ಮಾತ್ರೆಗಳಾಗುತ್ತದೆ. ರೋಗ ಬಾರದಂತೆ ಕೊಡುವುದಾದರೋ ದಿನಕ್ಕೆ ಒಂದೇ ಮಾತ್ರೆ. ಇಷ್ಟು ಹೆಚ್ಚಿನ ಪ್ರಮಾಣದಲ್ಲಿ ಮೈಮೇಲೆ ದದ್ದು, ಜ್ವರ, ಬಿಳಿರಕ್ತಕಣಗಳ ಇಳಿಕೆ, ರಕ್ತದಲ್ಲಿ ಪೊಟಾಸಿಯಂ ಏರಿಕೆ ಮುಂತಾದ ಅಡ್ಡಪರಿಣಾಮಗಳುಂಟು. ಔಷಧವು ಒಗ್ಗದಿದ್ದಲ್ಲಿ ಡ್ಯಾಪ್ಸೋನ್ ಅಥವಾ ಪ್ರಿಮಾಕ್ವಿನ್ ಕೂಡಿದ ಬದಲಿಕ್ರಮಗಳನ್ನು ಅನುಸರಿಸುತ್ತಾರೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಲ್ಲಿ ಇವೆರಡೂ ಕೆಂಪು ರಕ್ತಕಣಗಳನ್ನು ಒಡೆಯಬಲ್ಲವು. ಹೆಚ್ಚಿನ ಪ್ರಮಾಣದ ಸಲ್ಫಾ ಕೊಡುವಲ್ಲಿಯೂ ಎಚ್ಚರ ಅಗತ್ಯ.

ಈ ವಿಷಯದಲ್ಲಿ ಗ್ರಂಥಗಳು ಪೂರ್ಣ ಮೌನವಾಗಿವೆಯೆಂದರೆ ಅನ್ಯಾಯವಾದೀತು. ‘ಮೊದಲು ಕಿಣ್ವವನ್ನು ಪರೀಕ್ಷಿಸಿ’ ಎಂಬ ಸೂಚನೆ ಅವುಗಳಲ್ಲಿ ಉಂಟು. ನಮ್ಮ ಆಕ್ಷೇಪವಿರುವುದು ಆ ಸೂಚನೆಯು ಹಲವೊಮ್ಮೆ ಅಡಿಟಿಪ್ಪಣಿಯ ಸ್ಥಾನದಲ್ಲಿಯೇ ಉಳಿಯುವುದಕ್ಕೆ. ತೂಕವು ಪಟ್ಟಿಯ ಶಿರೋಭಾಗದಲ್ಲಿದೆ. ವಂಶಚರಿತ್ರೆಯು ಅದರ ಪಾದದಲ್ಲಿದೆ.

ಈ ಅಡಿಟಿಪ್ಪಣಿಗೂ ಒಂದು ಚರಿತ್ರೆಯುಂಟು. ಅಮೆರಿಕದ ಇಲಿನಾಯ್ ಸಂಸ್ಥಾನದ ಸ್ಟೇಟ್‌ವಿಲ್ ಸೆರೆಮನೆಯಲ್ಲಿ ಬಂದಿಗಳ ಮೇಲೆ ನಡೆದ ಮಲೇರಿಯಾ ಔಷಧಪ್ರಯೋಗಗಳಿಂದ, ಮುಖ್ಯವಾಗಿ ಆಫ್ರಿಕನ್ ಮೂಲದವರ ರಕ್ತಪರೀಕ್ಷೆಯಿಂದ, ಈ ಕೊರತೆಯು 1956ರಲ್ಲಿ ಬೆಳಕಿಗೆ ಬಂದಿತು. ಮಲೇರಿಯಾ ಹಿಂದಿನಿಂದಲೂ ನೆಲೆಸಿದ್ದ ನಾಡುಗಳಲ್ಲಿ ಇದು ಹೆಚ್ಚಾಗಿರುವುದು ಕಾಕತಾಳೀಯವಲ್ಲ. ಆ ಜ್ವರದ ಎದುರು ಇದು ಒಂದು ಬಗೆಯ ಕವಚವಾಗಿತ್ತೆಂದು ವಿಜ್ಞಾನಿಗಳು ತಿಳಿಯುತ್ತಾರೆ.

ನಮ್ಮ ಸೀಮೆಯೂ ಮಲೇರಿಯಾದ ಹಳೆಯ ನೆಲೆಯೇ. 1940ರ ದಶಕದಲ್ಲಿ, ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಧಾರವಾಡ ಮತ್ತು ಉತ್ತರ ಕನ್ನಡಗಳಲ್ಲಿ ಡಿ.ಡಿ.ಟಿ. ಸಿಂಪಡಿಸಿ ಮಲೇರಿಯಾವನ್ನು ತಡೆಯುವ ಕಾರ್ಯ ಕೈಗೊಳ್ಳಲಾಯಿತು. ಇದೇ ಕಾಡುಗಳಲ್ಲಿ ಸಿದ್ದಿಗಳಿದ್ದಾರೆ. ಅವರ ಪೂರ್ವಿಕರನೇಕರನ್ನು ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಗುಲಾಮರನ್ನಾಗಿ ತಂದಿದ್ದರು. ಮುಂಡಗೋಡದಲ್ಲಿ 1966ರಿಂದ ಟಿಬೆಟ್ಟಿನ ನಿರಾಶ್ರಿತರು ನೆಲೆಸಿದ್ದಾರೆ. ದಾಂಡೇಲಿಗೆ ಕಾಗದದ ಕಾರ್ಖಾನೆಯು ನಾನಾ ಕಡೆಯ ಕೂಲಿಕಾರರನ್ನು ಕರೆತಂದಿತು. ಇವರೆಲ್ಲರ ತೂಕ 50 ಕಿಲೋ ಆಗಿರಬಹುದು; ರಕ್ತದ ಚರಿತ್ರೆ ಮಾತ್ರ ಒಂದೇ ಆಗಿರಲಾರದು.

ಹಾಗೆಂದು ಮೈಬಣ್ಣವನ್ನೋ ಕುಲವನ್ನೋ ನೋಡಿ ಔಷಧವನ್ನು ನಿರ್ಣಯಿಸುವುದು ಇನ್ನೊಂದು ಪ್ರಮಾದವೇ ಸರಿ. ಈ ಕೊರತೆಯು ಭಾರತದ ಅನೇಕ ಸಮುದಾಯಗಳಲ್ಲಿ ಕಂಡುಬಂದಿದೆ. ಸಿದ್ದಿಗಳಲ್ಲಿಯೂ ಎಲ್ಲರಿಗೂ ಇರುವಂಥದಲ್ಲ. ಉಸಿರು ಕಟ್ಟುತ್ತಿರುವ ರೋಗಿಗೆ ಪರೀಕ್ಷೆಯ ಫಲಿತಾಂಶ ಬರುವವರೆಗೆ ಮುಖ್ಯೌಷಧವನ್ನು ತಡೆಹಿಡಿಯಬೇಕೆಂಬುದೂ ನಮ್ಮ ವಾದವಲ್ಲ, ವಿಳಂಬವೇ ಪ್ರಾಣಾಂತಿಕವಾದೀತು. ಚರಿತ್ರೆಯು ಕೊಡಬಹುದಾದುದು ತೀರ್ಪನ್ನಲ್ಲ, ಪ್ರಶ್ನೆಯನ್ನು. ಆ ಪ್ರಶ್ನೆಗೆ ಉತ್ತರ ಹೇಳತಕ್ಕದ್ದು ರಕ್ತಪರೀಕ್ಷೆ. ಬದಲಿ ಔಷಧಕ್ಕೆ ಕೈಯಿಡುವ ಮುನ್ನ ಆ ಪರೀಕ್ಷೆಯು ಜಿಲ್ಲಾ ಕೇಂದ್ರದಲ್ಲಿ ಮಾತ್ರವಲ್ಲದೆ ಜೋಯಿಡಾದ ರೋಗಿಗೂ ಸಕಾಲದಲ್ಲಿ ದೊರೆಯುವಂತಾದರೆ ಅಡಿಟಿಪ್ಪಣಿಯು ತನಗೆ ಸಲ್ಲತಕ್ಕ ಸ್ಥಾನಕ್ಕೆ ಏರಿದಂತಾಗುತ್ತದೆ.